ಬಲಗೈಯವರ ಕೋವಿ

ದ್ವಾರಕನಾಥ್ ಸಿಂಗಪುರಕ್ಕೆ ಬಂದದ್ದು ಎರಡು ಕಾಟಿಗಳ, ಅಂದರೆ ಕಾಡುಕೋಣಗಳ ಜೊತೆಗೆ, ಸರಕು ಸಾಗಿಸುವ ವಿಮಾನದಲ್ಲಿ. ತೊಂಬತ್ತೈದನೇ ಇಸವಿ. ಮೈಸೂರಿನ ಮೃಗಾಲಯದಲ್ಲಿ ಪ್ರಾಣಿಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಅವರಿಗೆ ಆಗ ಮೂವತ್ತೆರಡು ವರ್ಷ. ಎರಡು ವಾರ ಇದ್ದು, ಕಾಟಿಗಳು ಹೊಸ ಜಾಗಕ್ಕೆ ಹೊಂದಿಕೊಂಡ ಮೇಲೆ ವಾಪಸಾಗಬೇಕು ಎಂದು ಮಾತಾಗಿತ್ತು. ಆದರೆ ಹೆಣ್ಣು ಕಾಟಿ ಹಟ ಹಿಡಿಯಿತು. ಬೇರೆ ಯಾರು ಹುಲ್ಲು ಹಾಕಿದರೂ ಮೂಸಲಿಲ್ಲ. ಎರಡು ವಾರ ಮೂರು ತಿಂಗಳಾಯಿತು. ಕೊನೆಗೆ ಕಾಟಿಗಳನ್ನು ತರಿಸಿಕೊಂಡಿದ್ದ ಖಾಸಗಿ ಪ್ರಾಣಿವನದವರು, ನೀವೇ ಇಲ್ಲಿದ್ದುಬಿಡಿ ಎಂದು ಕೆಲಸದ ಪತ್ರ ಕೊಟ್ಟರು. "ನನಗೆ ಈ ಊರಲ್ಲಿ ನೌಕರಿ ಕೊಡಿಸಿದ್ದು ಒಂದು ಕಾಟಿ" ಎಂದು ಅವರು ಆಮೇಲೆ ಎಷ್ಟೋ ಸಲ ಹೇಳುತ್ತಿದ್ದರು. ಪ್ರತಿ ಸಲವೂ ಹೊಸದಾಗಿ ಕೇಳಿದವರ ಹಾಗೆ ನಗುವುದಕ್ಕೆ ಇಂದು ಎಂಬ ಹೆಸರಿನ ಹೆಂಡತಿ ಇದ್ದರು.

ಅವರಿಗೆ ಮಕ್ಕಳಾಗಲಿಲ್ಲ. ಇಂದು ಭಾನುವಾರಗಳಲ್ಲಿ ಕನ್ನಡದವರ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಹೇಳಿಕೊಡುತ್ತಿದ್ದರು. ಎರಡು ಸಾವಿರದ ಹತ್ತರಲ್ಲಿ, ಆರು ತಿಂಗಳು ಹಾಸಿಗೆ ಹಿಡಿದು ಅವರು ತೀರಿಕೊಂಡರು. ಬುಕಿತ್ ಪಂಜಾಂಗ್‌ನ ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ದ್ವಾರಕನಾಥ್ ಒಬ್ಬರೇ ಉಳಿದರು. ನೆಂಟರು ಫೋನ್ ಮಾಡಿ, ಇನ್ನು ಅಲ್ಲಿ ಯಾರಿದ್ದಾರೆ, ಬಂದುಬಿಡಿ ಎಂದರು. ಇಲ್ಲಿ ಪ್ರಾಣಿಗಳಿವೆ ಎಂದು ಹೇಳಿದರೆ ನಕ್ಕಾರು ಎಂದುಕೊಂಡು, ನೋಡೋಣ ಎಂದಷ್ಟೇ ಹೇಳಿದರು. ಬೆಳಗ್ಗೆ ಐದಕ್ಕೆ ಎದ್ದು ಅನ್ನ ಮಾಡಿ, ಮೊಸರು ಕಲಸಿ ಡಬ್ಬಿಗೆ ತುಂಬಿ, ಎಲ್‌ಆರ್‌ಟಿ ರೈಲು ಹತ್ತಿ, ಆಮೇಲೊಂದು ಬಸ್ಸು ಹಿಡಿದು ಕೆಲಸಕ್ಕೆ ಹೋಗುವುದು. ಸಂಜೆ ಅದೇ ದಾರಿಯಲ್ಲಿ ವಾಪಸು ಬರುವುದು. ಮನೆಯೊಳಗೆ ಕಾಲಿಟ್ಟ ಕೂಡಲೇ ಟಿವಿ ಹಾಕುತ್ತಿದ್ದರು, ನೋಡುವುದಕ್ಕಲ್ಲ, ಯಾರಾದರೂ ಮಾತಾಡುತ್ತಿರಲಿ ಎಂದು.

ಇಡೀ ದಿನದಲ್ಲಿ ಅವರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದ ಹೊತ್ತು ಒಂದೇ, ಮಧ್ಯಾಹ್ನದ ಊಟದ ಹೊತ್ತು. ಕರಡಿಗಳನ್ನು ನೋಡಿಕೊಳ್ಳುತ್ತಿದ್ದ ರೋಸ್ಲಿ ಎಂಬ ಮಲಯ್ ಮನುಷ್ಯ ಅವರ ಜೊತೆ ಕೂರುತ್ತಿದ್ದ. ದ್ವಾರಕನಾಥರಿಗಿಂತ ಮೂರು ನಾಲ್ಕು ವರ್ಷ ದೊಡ್ಡವನು. ಆದ್ದರಿಂದ ಇವರು ಅವನನ್ನು ಬಾಂಗ್ ಎನ್ನುತ್ತಿದ್ದರು, ಅಂದರೆ ಅಲ್ಲಿನ ಅಣ್ಣ. ಅವನು ಇವರನ್ನು ನಾಥ್ ಎನ್ನುತ್ತಿದ್ದ. ಅವನ ಎಲೆಪೊಟ್ಟಣದಲ್ಲಿ ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನ, ಇವರ ಡಬ್ಬಿಯಲ್ಲಿ ಮೊಸರನ್ನ. ಮೇವಿನ ಕೋಣೆಯ ಹಿಂದಿನ ಸಿಮೆಂಟು ಕಟ್ಟೆಯ ಮೇಲೆ ಹದಿನೇಳು ವರ್ಷ ಹೀಗೆ ಕೂತು ಉಂಡಿದ್ದರು. ಇಂದು ಸತ್ತ ಮೇಲೆ ಮೂರು ತಿಂಗಳು ರೋಸ್ಲಿ ಪ್ರತಿದಿನ ಎರಡು ಬಾಳೆಹಣ್ಣು ತಂದು, ಒಂದನ್ನು ಇವರ ಡಬ್ಬಿಯ ಪಕ್ಕ ಇಡುತ್ತಿದ್ದ.

ರೋಸ್ಲಿಯ ಪ್ರಾಣವೆಲ್ಲ ಮೆಲೂರ್ ಎಂಬ ಹೆಣ್ಣು ಕರಡಿಯ ಮೇಲೆ. ನಮ್ಮ ಕಡೆಯ ಕಾಡುಗಳಲ್ಲಿರುವ ಜಾತಿಯದೇ: ಉದ್ದ ಮೂತಿ, ಕೆದರಿದ ಕರಿ ಕೂದಲು, ಎದೆಯ ಮೇಲೆ ಬಿಳಿ ಗೆರೆ. ಹುಟ್ಟಿದ ಮೂರನೇ ದಿನ ತಾಯಿ ಅದನ್ನು ಬಿಟ್ಟಿತ್ತು. ರೋಸ್ಲಿ ಎಂಟು ತಿಂಗಳು ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ. ಮಲಯ್ ಭಾಷೆಯಲ್ಲಿ ಮೆಲೂರ್ ಎಂದರೆ ಮಲ್ಲಿಗೆ. "ಕರಡಿಗೆ ಮಲ್ಲಿಗೆ ಅಂತ ಹೆಸರಿಟ್ಟವನು ನೀನೊಬ್ಬನೇ ಇರಬೇಕು, ಬಾಂಗ್" ಎಂದು ದ್ವಾರಕನಾಥ್ ಹಾಸ್ಯ ಮಾಡಿದರೆ, "ಮೂಸಿ ನೋಡಿದ್ದೀಯಾ ನೀನು?" ಎಂದು ಅವನು ಗಂಭೀರವಾಗಿ ಕೇಳುತ್ತಿದ್ದ. ಇಬ್ಬರೂ ಆಡುತ್ತಿದ್ದದ್ದು ಅರ್ಧ ಇಂಗ್ಲಿಷು, ಅರ್ಧ ಮಲಯ್. ಇಲ್ಲಿ ಅದನ್ನು ಕನ್ನಡದಲ್ಲೇ ಹೇಳಿದ್ದೇನೆ.

ಆಟಿಕೆಯ ಪಿಸ್ತೂಲು ತಂದರೂ ವಿಮಾನ ನಿಲ್ದಾಣದಲ್ಲಿ ತಡೆದು ಕೇಳುವ ಊರು ಸಿಂಗಪುರ. ಅಂಥಲ್ಲಿಯೂ ಪ್ರಾಣಿವನದಲ್ಲಿ ಒಂದು ಕೋವಿ ಇತ್ತು. ಹುಲಿಯೋ ಕರಡಿಯೋ ಬೇಲಿ ದಾಟಿ ಜನರ ನಡುವೆ ಬಂದರೆ, ಮಂಪರು ಮದ್ದಿಗೆ ಸಮಯವಿಲ್ಲದಿದ್ದರೆ, ಅದು ಕೊನೆಯ ಉಪಾಯ. ಉಕ್ಕಿನ ಬೀರುವಿನಲ್ಲಿ ಎರಡು ಬೀಗ, ಎರಡು ಬೀಗದ ಕೈ ಇಬ್ಬರ ಬಳಿ, ವರ್ಷಕ್ಕೊಮ್ಮೆ ಪೊಲೀಸರ ತಪಾಸಣೆ. ಹೊಡೆಯಲು ಅನುಮತಿಯಿದ್ದದ್ದು ಮೂವರಿಗೆ ಮಾತ್ರ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಗುರಿ ಹೊಡೆದು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿದ್ದೆ ಎಂದು ದ್ವಾರಕನಾಥ್ ಯಾವುದೋ ಅರ್ಜಿಯಲ್ಲಿ ಬರೆದಿದ್ದರು. ಅದನ್ನು ನೋಡಿ ಅವರನ್ನೂ ಸೇರಿಸಿಕೊಂಡಿದ್ದರು. ಇನ್ನಿಬ್ಬರು, ಕಾವಲು ವಿಭಾಗದ ಮುಖ್ಯಸ್ಥ ಸುಭಾಷ್ ಮತ್ತು ಅವನ ಕೈಕೆಳಗಿನವನೊಬ್ಬ.

ಆ ಹಳೆಯ ಕೋವಿ ಆನೆಯನ್ನು ಕೆಡವುವಂಥದ್ದು. ಹೊಡೆದವನ ಭುಜವನ್ನೂ ಹಾಗೇ ಕೆಡವುತ್ತಿತ್ತು. ತಿಂಗಳಿಗೊಮ್ಮೆಯ ಅಭ್ಯಾಸದಲ್ಲಿ ಸುಭಾಷ್ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಿದ್ದುದನ್ನು ದ್ವಾರಕನಾಥ್ ಗಮನಿಸಿದ್ದರು. ಸಾಲದ್ದಕ್ಕೆ ಇಲ್ಲಿನ ತೇವಕ್ಕೆ ಅದರ ಮರದ ಹಿಡಿ ಉಬ್ಬಿ, ನಳಿಗೆಯನ್ನು ಒತ್ತಿ, ಗುಂಡು ಒಂದೊಂದು ದಿನ ಒಂದೊಂದು ಕಡೆ ಹೋಗುತ್ತಿತ್ತು. ಎರಡು ಸಾವಿರದ ಹನ್ನೆರಡರ ಕೊನೆಯಲ್ಲಿ ಮ್ಯಾನೇಜರ್ ಮಿಸೆಸ್ ಟೇ, ಹೊಸದನ್ನು ತರಿಸೋಣ, ಆದರೆ ಪರವಾನಗಿ ಇರುವುದು ಒಂದಕ್ಕೇ, ಕಾಟಿಯಿಂದ ಕರಡಿಯವರೆಗೆ ಎಲ್ಲಕ್ಕೂ ಆಗುವ ಒಂದೇ ಕೋವಿಯನ್ನು ನೀವೇ ಆರಿಸಿ ಎಂದು ಆ ಜವಾಬ್ದಾರಿಯನ್ನು ದ್ವಾರಕನಾಥರ ತಲೆಗೆ ಕಟ್ಟಿದರು.

ಬೇರೆ ಯಾರಿಗೇ ಆಗಲಿ ಅದು ಕಚೇರಿಯ ಒಂದು ಕೆಲಸ. ದ್ವಾರಕನಾಥರಿಗೆ ಹಾಗಾಗಲಿಲ್ಲ. ಅವರು ಓದುತ್ತಿದ್ದ ಕಾಲದಲ್ಲಿ, ಮೈಸೂರಿನ ಹೊರವಲಯದ ಒಂದು ಬೀದಿಗೆ ಚಿರತೆ ನುಗ್ಗಿತ್ತು. ಜನ ಮಾಳಿಗೆ ಹತ್ತಿ ನೋಡುತ್ತಿದ್ದರು, ಇವರೂ ಹತ್ತಿದ್ದರು. ಮೂರು ಕೋವಿ, ಒಂಬತ್ತು ಗುಂಡು, ಅರ್ಧ ಗಂಟೆ. ನಾಲ್ಕನೇ ಗುಂಡಿನ ಹೊತ್ತಿಗೆ ಚಿರತೆ ಹಿಂಗಾಲು ಎಳೆದುಕೊಂಡು ಒಂದು ಮನೆಯ ತುಳಸಿಕಟ್ಟೆಯ ಹಿಂದೆ ಸೇರಿ, ಬೆಕ್ಕಿನ ಹಾಗೆ ಸಣ್ಣಗೆ ಕೂಗುತ್ತಿತ್ತು. ಕೊಲ್ಲಲೇಬೇಕಾಗಿ ಬಂದರೆ ಒಂದೇ ಗುಂಡಿಗೆ ಮುಗಿಯಬೇಕು ಎಂಬುದು ಅವತ್ತೇ ಅವರ ಮನಸ್ಸಿನಲ್ಲಿ ಕೂತಿತ್ತು.

ನಾಲ್ಕು ತಿಂಗಳು ಅದೇ ಧ್ಯಾನವಾಯಿತು. ಎಲ್‌ಆರ್‌ಟಿಯಲ್ಲಿ ಕೂತರೂ ತೋಟಾಗಳ ಪಟ್ಟಿ, ಮನೆಯಲ್ಲಿ ಕೂತರೂ ಅದೇ. ಶೂಟಿಂಗ್ ರೇಂಜಿನಲ್ಲಿ ಹಳೆಯ ಪತ್ರಿಕೆಗಳನ್ನು ನೀರಲ್ಲಿ ನೆನೆಸಿ, ಕಟ್ಟು ಕಟ್ಟಿ ಸಾಲಾಗಿ ಇಟ್ಟು, ಯಾವ ಗುಂಡು ಎಷ್ಟು ಇಂಚು ಒಳಗೆ ಹೋಗಿ ನಿಲ್ಲುತ್ತದೆ ಎಂದು ಅಳೆದರು. ಕಡಿಮೆಯಾದರೆ ಪ್ರಾಣಿ ನರಳುತ್ತದೆ. ಹೆಚ್ಚಾದರೆ ಗುಂಡು ಪ್ರಾಣಿಯನ್ನು ದಾಟಿ ಹಿಂದೆ ನಿಂತವರಿಗೆ ಬಡಿಯುತ್ತದೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದರು. ಎಡಗಡೆ ಪ್ರಾಣಿಗಳ ಹೆಸರು, ತೂಕ. ಬಲಗಡೆ ಹೃದಯ ಮುಟ್ಟಲು ಬೇಕಾದ ಇಂಚುಗಳು.

ಮಾರ್ಚಿ ತಿಂಗಳಲ್ಲಿ, ಮಿಸೆಸ್ ಟೇ ಮತ್ತು ಸುಭಾಷ್ ಜೊತೆ, ಉಬಿ ಎಂಬ ಬಡಾವಣೆಯ ಒಬ್ಬ ಕೋವಿ ವ್ಯಾಪಾರಿಯ ಬಳಿ ಹೋದರು. ಕಾರು ರಿಪೇರಿಯ ಶೆಡ್ಡುಗಳ ನಡುವೆ, ಹೊರಗೆ ಬೋರ್ಡು ಕೂಡ ಇಲ್ಲದ ಕಟ್ಟಡ. ಎರಡು ಕಬ್ಬಿಣದ ಬಾಗಿಲು ದಾಟಿದರೆ ಅವನ ಕೋಣೆ. ವ್ಯಾಪಾರಿ ಎಪ್ಪತ್ತು ದಾಟಿದ ಚೀನೀ ಮುದುಕ. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಮೂರು ಕೋವಿಗಳನ್ನು ಸಾಲಾಗಿ ಇಟ್ಟಿದ್ದ. ಮೂರೂ ಬೋಲ್ಟ್ ಇರುವಂಥವು. ಅಂದರೆ ಒಂದು ಗುಂಡು ಹೊಡೆದ ಮೇಲೆ ಬಾಗಿಲ ಅಗುಳಿಯ ಹಾಗೆ ಒಂದು ಹಿಡಿಯನ್ನು ಮೇಲೆತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಇಳಿಸಿದರೆ ಮಾತ್ರ ಮುಂದಿನ ತೋಟಾ ಒಳಗೆ ಬರುತ್ತದೆ.

ಮೊದಲನೆಯದು ಹಳೆಯದರಂತೆಯೇ ದಪ್ಪ. ಸುಭಾಷ್ ನೇರ ಅದಕ್ಕೇ ಕೈಹಾಕಿದ. "ಇದಿದ್ದರೆ ಯಾವುದಕ್ಕೂ ಯೋಚನೆ ಇಲ್ಲ" ಎಂದ. ದ್ವಾರಕನಾಥ್ ಮೆಲ್ಲಗೆ, "ಹೊಡೆಯುವವನೇ ಹೆದರುವ ಕೋವಿಯಿಂದ ಗುರಿ ತಪ್ಪುತ್ತದೆ, ಸುಭಾಷ್" ಎಂದರು. ಸುಭಾಷ್ ಕೆಂಪಗಾಗಿ ಅದನ್ನು ಕೆಳಗಿಟ್ಟ.

ಎರಡನೆಯದನ್ನು ಮುದುಕ ತಾನೇ ಎತ್ತಿ ದ್ವಾರಕನಾಥರ ಕೈಗೆ ಕೊಟ್ಟ. ಅಕ್ರೋಟಿನ ಮರದ ಹಿಡಿ, ಜೇನಿನ ಬಣ್ಣ. ಅವರು ಅದನ್ನು ಭುಜಕ್ಕೆ ಏರಿಸಿದರು. ದ್ವಾರಕನಾಥ್ ಎಡಚರು. ಕಾಲೇಜಿನ ದಿನಗಳಿಂದಲೂ ಬಲಗೈಯವರ ಕೋವಿಯನ್ನು ಎಡ ಭುಜಕ್ಕೆ ಇಟ್ಟು, ಪ್ರತಿ ಸಲ ಬೋಲ್ಟಿಗಾಗಿ ಕೈಯನ್ನು ಆಚೆ ಬದಿಗೆ ಚಾಚಿ ಒದ್ದಾಡಿದವರು. ಇದರ ಬೋಲ್ಟ್ ಎಡಗಡೆಯೇ ಇತ್ತು. ಅವರ ಎಡಗೈ ಹುಡುಕದೆ ಅದರ ಮೇಲೆ ಹೋಗಿ ಕೂತಿತು. ಹಿಂದಕ್ಕೆಳೆದರೆ ಬೆಣ್ಣೆ. ಕಣ್ಣು ತೆರೆದರೆ ಕೋವಿಯ ಮೇಲಿನ ದುರ್ಬೀನು ಸರಿಯಾಗಿ ಕಣ್ಣ ಮುಂದೆ.

"ನೋಡಿದಿರಾ? ನೀವು ಬರುತ್ತೀರೆಂದು ಯಾರೋ ಮಾಡಿಟ್ಟ ಹಾಗಿದೆ" ಎಂದ ಮುದುಕ.

ಮಿಸೆಸ್ ಟೇ, "ಹಾಗಾದರೆ ಇದೇ ಆಗಲಿ, ನಾಥ್. ನಮ್ಮಲ್ಲಿ ಚೆನ್ನಾಗಿ ಹೊಡೆಯುವವರು ನೀವೇ" ಎಂದರು.

ದ್ವಾರಕನಾಥ್ ಅದನ್ನು ಇಳಿಸಲಿಲ್ಲ. ಒಂದು ನಿಮಿಷ ಹಾಗೇ ಹಿಡಿದು ನಿಂತಿದ್ದರು. ಐವತ್ತು ವರ್ಷದಲ್ಲಿ ಕತ್ತರಿಯಿಂದ ಹಿಡಿದು ಡಬ್ಬಿ ತೆರೆಯುವ ಯಂತ್ರದವರೆಗೆ ಯಾವುದೂ ಅವರ ಕೈಗೆ ಹೀಗೆ ಒಗ್ಗಿರಲಿಲ್ಲ. ಆಮೇಲೆ ಅದನ್ನು ಹುಷಾರಾಗಿ ಬಟ್ಟೆಯ ಮೇಲೆ ಮಲಗಿಸಿ, ಮೂರನೆಯದನ್ನು ಎತ್ತಿಕೊಂಡರು.

ಮೂರನೆಯದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ಕಿನಂಥ ಹಿಡಿ, ತುಕ್ಕು ಹಿಡಿಯದ ಉಕ್ಕಿನ ನಳಿಗೆ, ಬೋಲ್ಟ್ ಬಲಕ್ಕೆ. ಆದರೆ ಅದರ ಗುಂಡು ಕಾಟಿಗೂ ಸಾಲುತ್ತಿತ್ತು, ಕರಡಿಗೂ ವಿಪರೀತವಾಗುತ್ತಿರಲಿಲ್ಲ. ಒದೆತ ಇದ್ದರೂ ತಾಳಿಕೊಳ್ಳುವಂಥದ್ದು. ಮಳೆಗೆ ಹಿಡಿ ಉಬ್ಬುವುದಿಲ್ಲ. ಕೋವಿಯನ್ನು ಓರೆ ಹಿಡಿದರೂ ತಲೆಕೆಳಗು ಮಾಡಿದರೂ ಬೋಲ್ಟಿನ ಉಗುರು ತೋಟಾವನ್ನು ಕಚ್ಚಿ ಹಿಡಿದೇ ಒಳಗೆ ಒಯ್ಯುತ್ತಿತ್ತು. ಗಾಬರಿಯಲ್ಲಿ ಕೈ ನಡುಗಿದರೂ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಮೂರನ್ನೂ ತೂಗಿ ನೋಡಿದರೆ ಎಲ್ಲಕ್ಕೂ ಆಗುವುದು ಅದೊಂದೇ.

"ಇದು" ಎಂದರು.

"ನಿಮಗೆ ಕಷ್ಟವಾಗುತ್ತಲ್ಲ?" ಎಂದರು ಮಿಸೆಸ್ ಟೇ.

"ಕೋವಿ ನನ್ನದಲ್ಲವಲ್ಲ, ಮೇಡಂ. ಮೂವರಲ್ಲಿ ಇಬ್ಬರು ಬಲಗೈಯವರು. ಆ ಹೊತ್ತಿಗೆ ಹತ್ತಿರ ಇರುವವರು ಯಾರೋ! ನಾನು ಕಲಿತುಕೊಳ್ಳುತ್ತೇನೆ."

ಆ ವಾರವೇ, ಊಟದ ಹೊತ್ತಿನಲ್ಲಿ, ಅವರು ಆ ಹಾಳೆಯನ್ನು ಇನ್ನೊಮ್ಮೆ ನೋಡುತ್ತ ಕಟ್ಟೆಯ ಮೇಲೆ ಇಟ್ಟಿದ್ದರು. ರೋಸ್ಲಿ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡ. ಕನ್ನಡಕ ಹಣೆಗೇರಿಸಿ ಓದಿದ. ಕೊನೆಯ ಸಾಲಿನವರೆಗೆ ಬೆರಳಿಟ್ಟು ನೋಡಿ ಕೇಳಿದ.

"ಇದರಲ್ಲಿ ಮೆಲೂರ್ ಎಲ್ಲಿ?"

"ಹೆಸರು ಹಾಕಿಲ್ಲ, ಬಾಂಗ್. ಜಾತಿ, ತೂಕ ಅಷ್ಟೇ."

"ತೊಂಬತ್ತು ಕಿಲೋ ಹೆಣ್ಣು ಕರಡಿ ಅಂದರೆ ಇಲ್ಲಿ ಬೇರೆ ಯಾರಿದ್ದಾರೆ? ಎಷ್ಟು ಇಂಚು?"

ಸುಳ್ಳು ಹೇಳಬಹುದಿತ್ತು. ಆದರೆ ಹಾಳೆಯೇ ಅವನ ಕೈಯಲ್ಲಿತ್ತು. "ಹದಿನಾಲ್ಕು ಇಂಚು ಹೋದರೆ ಸಾಕು" ಎಂದರು ದ್ವಾರಕನಾಥ್. ಆಮೇಲೆ ಅವಸರವಾಗಿ, "ಅವಳಿಗೆ ನೋವಾಗಬಾರದು ಅಂತಲೇ ಇದೆಲ್ಲ ಲೆಕ್ಕ ಹಾಕಿದ್ದು" ಎಂದೂ ಸೇರಿಸಿದರು.

ರೋಸ್ಲಿ ಹಾಳೆಯನ್ನು ಕೆಳಗಿಟ್ಟು, ಉಳಿದ ಅನ್ನವನ್ನು ಪೊಟ್ಟಣದಲ್ಲಿ ಮಡಿಚಿದ. "ನೀನು ಒಳ್ಳೆಯವನು, ನಾಥ್. ನನಗೆ ಗೊತ್ತು. ಆದರೆ ದಿನಾ ಅವಳಿಗೆ ಗೆಣಸು ತಿನ್ನಿಸುವ ಕೈ ಇದು. ಅವಳನ್ನು ಇಂಚಿನಲ್ಲಿ ಅಳೆದವನ ಪಕ್ಕ ಕೂತು ಊಟ ಮಾಡಲು ನನ್ನಿಂದ ಆಗುವುದಿಲ್ಲ."

ಕೋಪದಲ್ಲಿ ಹೇಳಿದ್ದರೆ ಎರಡು ದಿನದಲ್ಲಿ ಇಳಿಯುತ್ತಿತ್ತು. ಅವನು ಕೋಪದಲ್ಲಿ ಹೇಳಿರಲಿಲ್ಲ. ಮಾರನೆಯ ದಿನದಿಂದ ರೋಸ್ಲಿ ಕ್ಯಾಂಟೀನಿನಲ್ಲಿ ಉಣ್ಣತೊಡಗಿದ. ಎದುರು ಸಿಕ್ಕರೆ ತಲೆಯಾಡಿಸುತ್ತಿದ್ದ, ಅಷ್ಟೇ. ವಿಷಯ ಒಬ್ಬರಿಂದ ಒಬ್ಬರಿಗೆ ಹಬ್ಬಿ, ಉಳಿದ ಪಾಲಕರೂ ದ್ವಾರಕನಾಥ್ ಹತ್ತಿರ ಬಂದರೆ ಮಾತು ತಗ್ಗಿಸುತ್ತಿದ್ದರು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಆದರೆ ಮಕ್ಕಳಿರುವ ಮನೆಗೆ ಸೂಜಿಮದ್ದಿನ ಡಾಕ್ಟರು ಬಂದ ಹಾಗೆ, ಅವರು ಒಂದು ಬೋನಿನ ಮುಂದೆ ನಿಂತರೆ ಅಲ್ಲಿನವರು ಅವರು ಹೊರಡುವುದನ್ನೇ ಕಾಯುತ್ತಿದ್ದರು.

ಮನೆಯಲ್ಲಿ ಅವರು ಬಲಗೈಗೆ ಪಾಠ ಹೇಳತೊಡಗಿದರು. ಕೋವಿಯನ್ನು ಮನೆಗೆ ತರುವಂತಿಲ್ಲ. ಕೊಡೆಯನ್ನು ಬಲ ಭುಜಕ್ಕೆ ಇಟ್ಟು, ಇಲ್ಲದ ಬೋಲ್ಟನ್ನು ಬಲಗೈಯಿಂದ ಎತ್ತಿ, ಎಳೆದು, ತಳ್ಳಿ, ಇಳಿಸುವುದು. ದಿನಕ್ಕೆ ಇನ್ನೂರು ಸಲ. ಎಡಗಣ್ಣು ನಾನೇ ನೋಡುತ್ತೇನೆ ಎಂದು ಮುಂದೆ ಬರುತ್ತಿತ್ತು. ಅದಕ್ಕೆ ಕನ್ನಡಕದ ಎಡ ಗಾಜಿಗೆ ಬಿಳಿ ಟೇಪು ಅಂಟಿಸಿಕೊಂಡರು. ಹಾಗೆಯೇ ಮರೆತು ಲಿಫ್ಟಿನಲ್ಲಿ ಹೋದಾಗ ಪಕ್ಕದ ಮನೆಯ ಹೆಂಗಸು, "ಅಂಕಲ್, ಕಣ್ಣಿನ ಆಪರೇಷನ್ನಾ?" ಎಂದು ಕೇಳಿದಳು. ಹೌದು ಎಂದುಬಿಟ್ಟರು. ಆ ದಿನ ಯಾರಾದರೂ ಕೆಲಸದ ವಿಷಯವಲ್ಲದೆ ಅವರ ಹತ್ತಿರ ಆಡಿದ ಮಾತು ಅದೊಂದೇ.

ಒಂದು ವರ್ಷ ಕಳೆಯಿತು. ಕೋವಿ ತಿಂಗಳಿಗೊಮ್ಮೆ ಅಭ್ಯಾಸಕ್ಕೆ ಹೊರಬರುವುದು, ಮತ್ತೆ ಬೀರು ಸೇರುವುದು. ಸುಭಾಷ್ ಈಗ ಕಣ್ಣು ಮುಚ್ಚುತ್ತಿರಲಿಲ್ಲ. ದ್ವಾರಕನಾಥರ ಬಲ ಭುಜದ ಗುರಿ ಎಡದ್ದಕ್ಕಿಂತ ಎರಡು ಬೆರಳಷ್ಟೇ ಹಿಂದಿತ್ತು.

ಎರಡು ಸಾವಿರದ ಹದಿನಾಲ್ಕರ ಜೂನ್. ಆ ಕಾಲದಲ್ಲಿ ಬೆಳಗಿನ ಜಾವ ಸಮುದ್ರದಾಚೆಯಿಂದ ಒಮ್ಮೆಲೇ ಬಿರುಗಾಳಿ ನುಗ್ಗುವುದುಂಟು; ಅಲ್ಲಿನವರು ಅದನ್ನು ಸುಮಾತ್ರಾ ಎನ್ನುತ್ತಾರೆ. ಅವತ್ತು ಏಳು ಗಂಟೆಗೆ ಬಂತು. ಪ್ರಾಣಿವನ ತೆರೆಯಲು ಇನ್ನೂ ಒಂದೂವರೆ ಗಂಟೆ ಇತ್ತು. ಕರಡಿಯ ಗೂಡಿನೊಳಗೆ ನೀರು ನುಗ್ಗಿದ್ದರಿಂದ ರೋಸ್ಲಿ, ನಿಯಮದ ಪ್ರಕಾರವೇ, ಮೆಲೂರ್‌ಳನ್ನು ಹೊರಗಿನ ಅಂಗಳಕ್ಕೆ ಬಿಟ್ಟ. ಹತ್ತು ನಿಮಿಷಕ್ಕೆ ಒಂದು ಹಳೆಯ ಮಳೆಮರ ಬುಡ ಸಮೇತ ಕಿತ್ತುಕೊಂಡು ಬೇಲಿಯ ಮೇಲೆ ಬಿತ್ತು. ಕರಡಿ ಸ್ವಲ್ಪ ಹೊತ್ತು ಮೂಸಿ ನೋಡಿ, ಕಾಂಡದ ಮೇಲೆ ಹತ್ತಿ, ಆಚೆ ಇಳಿಯಿತು.

ವಾಕಿಟಾಕಿಯಲ್ಲಿ ಸುದ್ದಿ ಹೇಳಿದವನು ರೋಸ್ಲಿಯೇ. ದ್ವಾರಕನಾಥ್ ಮತ್ತು ಸುಭಾಷ್ ಓಡಿ ಬಂದು ಎರಡೂ ಬೀಗ ತೆಗೆದರು. ಸುಭಾಷ್ ಮುಖ್ಯ ಬಾಗಿಲು ಮುಚ್ಚಿಸಲು ಹೋಗಬೇಕಿತ್ತು. ಕೋವಿ ದ್ವಾರಕನಾಥರ ಕೈಗೆ ಬಂತು.

ಕರಡಿ ಮೇವಿನ ಗಾಡಿಗಳು ಓಡಾಡುವ ಕಿರಿದಾದ ದಾರಿಯಲ್ಲಿತ್ತು. ಎರಡು ಬದಿ ಗೋಡೆ. ಈ ತುದಿಯಲ್ಲಿ ವ್ಯಾನು, ಅದರ ಪಕ್ಕ ಪಶುವೈದ್ಯೆ ಡಾಕ್ಟರ್ ವಿಭಾ. ಬೆಂಗಳೂರಿನ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವಳ ಕೈಯಲ್ಲಿ ಮಂಪರು ಮದ್ದಿನ ಗನ್ನು. ಆ ತುದಿಯಲ್ಲಿ ಕಸದ ಕೋಣೆ. ಒಳಗೆ ಗುಡಿಸುವ ಮೂವರು ಹೆಂಗಸರು ಸಿಕ್ಕಿಹಾಕಿಕೊಂಡಿದ್ದರು. ಅದರ ಬಾಗಿಲಿಗೆ ಚಿಲಕ ಸರಿ ಇರಲಿಲ್ಲ.

"ಸರ್, ಡಾರ್ಟ್ ಹಾಕ್ದೆ, ಭುಜಕ್ಕೆ ಬಿತ್ತು" ಎಂದಳು ವಿಭಾ. ಮಳೆಯ ಸದ್ದಿಗೆ ಕೂಗಿಯೇ ಹೇಳಬೇಕಿತ್ತು. "ಮಿನಿಮಮ್ ಎಂಟು ನಿಮಿಷ ಬೇಕು. ಪ್ಯಾನಿಕ್ ಆದ್ರೆ ಇನ್ನೂ ಜಾಸ್ತಿ."

"ಎಷ್ಟಾಯ್ತು?"

"ಎರಡು."

ಆಗ ಆ ತುದಿಯಿಂದ ರೋಸ್ಲಿ ಬಂದ. ಕೈಯಲ್ಲಿ ಗೆಣಸಿನ ಬುಟ್ಟಿ. ಹೆಂಗಸರಿದ್ದ ಬಾಗಿಲಿಗೂ ಕರಡಿಗೂ ನಡುವೆ ನಿಂತು, ಪ್ರತಿ ಬೆಳಗ್ಗೆ ಕರೆಯುವ ಹಾಗೆಯೇ ಕರೆಯತೊಡಗಿದ. "ಮೆಲೂರ್, ಮೆಲೂರ್..."

"ಸರ್, ಅವ್ರು ವಾಕಿಟಾಕಿಲಿ ಹೇಳಿದ್ರೂ ಕೇಳ್ತಾ ಇಲ್ಲ. ನೀವು ಹೇಳಿ ಸರ್, ನೀವು ಹೇಳಿದ್ರೆ ಕೇಳ್ತಾರೆ."

"ಈಗ ನನ್ನ ಮಾತೂ ಕೇಳಲ್ಲ, ಡಾಕ್ಟ್ರೇ" ಎಂದರು ದ್ವಾರಕನಾಥ್. ಆದರೂ ಕೂಗಿದರು, "ಬಾಂಗ್! ಹಿಂದೆ ಹೋಗು! ಆರು ನಿಮಿಷ ಸಾಕು!" ರೋಸ್ಲಿ ಇವರ ಕಡೆ ನೋಡಲಿಲ್ಲ. ಕರಡಿ ಅವನ ದನಿ ಗುರುತಿಸಿ ಮೆಲ್ಲಗೆ ಅವನತ್ತ ನಡೆಯಿತು. ಬುಟ್ಟಿಯಲ್ಲಿ ಮೂತಿ ಇಟ್ಟಿತು. ಒಂದು ಗೆಣಸು ತಿಂದಿತು. ಎಲ್ಲ ಸರಿಹೋಯಿತು ಎಂದು ವಿಭಾ ಉಸಿರು ಬಿಟ್ಟದ್ದು ದ್ವಾರಕನಾಥರಿಗೆ ಕೇಳಿಸಿತು.

ಅಷ್ಟರಲ್ಲಿ ಪಕ್ಕದ ಇನ್ನೊಂದು ಮರದ ಕೊಂಬೆ ಮುರಿದು, ಕರಡಿಯ ಬೆನ್ನ ಹಿಂದೆಯೇ ತಗಡಿನ ಮಾಡಿನ ಮೇಲೆ ಸಿಡಿಲಿನಂತೆ ಬಿತ್ತು. ಮೈಯಲ್ಲಿ ಮದ್ದು, ಭುಜದಲ್ಲಿ ಸೂಜಿ, ಬೆನ್ನಿಗೆ ಆ ಸದ್ದು. ಕರಡಿ ಚೀರಿ ಎದ್ದು ನಿಂತಿತು, ಎದುರಿಗಿದ್ದವನ ಮೇಲೆ ಬಿತ್ತು. ಬುಟ್ಟಿ ಹಾರಿತು. ರೋಸ್ಲಿ ಕೆಳಗೆ, ಅದು ಮೇಲೆ.

ದ್ವಾರಕನಾಥ್ ಬಲಕ್ಕೆ ನಾಲ್ಕು ಹೆಜ್ಜೆ ಓಡಿದರು. ನೇರ ಹೊಡೆದರೆ ಗುಂಡು ಇಬ್ಬರನ್ನೂ ಹಾಯುತ್ತಿತ್ತು. ಗೋಡೆಗೆ ಒರಗಿ ಕೋವಿಯನ್ನು ಬಲ ಭುಜಕ್ಕೆ ಏರಿಸಿದರು. ದುರ್ಬೀನಿನೊಳಗೆ ಬರೀ ಕಪ್ಪು ಕೂದಲು, ನಡುವೆ ಒಮ್ಮೊಮ್ಮೆ ರೋಸ್ಲಿಯ ಹಳದಿ ಮಳೆಯಂಗಿ. ಕಾಯಬೇಕಿತ್ತು. ಒಂದು, ಎರಡು ಎಂದು ಎಣಿಸುವಷ್ಟೇ ಹೊತ್ತು. ಆದರೆ ರೋಸ್ಲಿ ಅಷ್ಟರಲ್ಲಿ ಎರಡು ಸಲ ಕೂಗಿದ. ಕರಡಿ ತಲೆ ಎತ್ತಿ ಇತ್ತ ತಿರುಗಿತು, ಎದೆ ನೆಲದಿಂದ ಮೇಲೆದ್ದಿತು, ಬಿಳಿ ಗೆರೆ ಕಂಡಿತು. ಅವರು ಟ್ರಿಗರ್ ಒತ್ತಿದರು.

ಸದ್ದು ಗೋಡೆಯಿಂದ ಗೋಡೆಗೆ ಬಡಿಯಿತು. ಬಲಗೈ ತನ್ನಷ್ಟಕ್ಕೆ ತಾನೇ ಬೋಲ್ಟ್ ಎತ್ತಿ, ಎಳೆದು, ತಳ್ಳಿ, ಇಳಿಸಿತ್ತು. ಎರಡನೇ ಗುಂಡು ಬೇಕಾಗಲಿಲ್ಲ. ಕರಡಿ ಪಕ್ಕಕ್ಕೆ ವಾಲಿ, ಮಲಗಿದಂತೆ ಬಿತ್ತು.

ರೋಸ್ಲಿಯ ತಲೆಗೂ ಹೆಗಲಿಗೂ ಸೇರಿ ಮೂವತ್ತೊಂದು ಹೊಲಿಗೆ ಬಿದ್ದವು. ಅವನನ್ನು ಸ್ಟ್ರೆಚರಿಗೆ ಎತ್ತುವಾಗ ರಕ್ತ ಕಣ್ಣಿಗಿಳಿಯುತ್ತಿದ್ದರೂ ಕೈ ಚಾಚಿ ಕರಡಿಯ ಮೂತಿಯನ್ನು ಮುಟ್ಟಿದ. ದ್ವಾರಕನಾಥ್ ಪಕ್ಕದಲ್ಲೇ ನಿಂತಿದ್ದರು. ಅವನು ಅವರತ್ತ ತಿರುಗಲಿಲ್ಲ.

ಮಧ್ಯಾಹ್ನ ಕರಡಿಯ ಶವಪರೀಕ್ಷೆ ನಡೆಯಿತು. ನೀವು ಬರಬೇಕಾಗಿಲ್ಲ ಎಂದು ವಿಭಾ ಹೇಳಿದರೂ ಅವರು ಹೋಗಿ, ಕೊನೆಯವರೆಗೂ ಗೋಡೆಗೆ ಒರಗಿ ನಿಂತರು. ವಿಭಾ ಗುಂಡನ್ನು ಹುಡುಕಿ ತೆಗೆದು ಸ್ಟೀಲಿನ ತಟ್ಟೆಗೆ ಹಾಕಿದಳು. ಅಣಬೆಯ ಹಾಗೆ ಅರಳಿತ್ತು. ಮೈಯಿಂದ ಆಚೆ ಹೋಗಿರಲಿಲ್ಲ.

"ಸರ್, ಹಾರ್ಟ್‌ಗೇ ಬಿದ್ದಿದೆ. ಅದಕ್ಕೆ ಗೊತ್ತೇ ಆಗಿರಲ್ಲ." ಅವಳ ಕಣ್ಣು ತುಂಬಿತ್ತು. "ನೀವು ಮನೆಗೆ ಹೋಗಿ ಸರ್. ಊಟ ಮಾಡಿದ್ರಾ?"

"ಹ್ಞೂಂ" ಎಂದರು. ಮಾಡಿರಲಿಲ್ಲ.

ವಿಚಾರಣೆ ನಡೆದು, ಮಾಡಿದ್ದು ಸರಿ ಎಂದಾಯಿತು. ಒಂದು ಪ್ರಶಸ್ತಿಪತ್ರವೂ ಬಂತು. ಇಂದು ಇದ್ದಿದ್ದರೆ ಅದನ್ನು ಎಲ್ಲಿಡುತ್ತಿದ್ದರೋ. ಇವರು ಅದನ್ನು ಕರೆಂಟಿನ ಹಳೆಯ ಬಿಲ್ಲುಗಳ ಜೊತೆ ಡ್ರಾಯರಿನಲ್ಲಿ ಇಟ್ಟರು.

ಗಣೇಶನ ಹಬ್ಬಕ್ಕೆ ಜುರಾಂಗ್ ವೆಸ್ಟ್‌ನ ನವನೀತ್ ಮತ್ತು ವರ್ಷಾ ಎಂಬ ದಂಪತಿ ಕನ್ನಡದವರನ್ನೆಲ್ಲ ಊಟಕ್ಕೆ ಕರೆದಿದ್ದರು. ವರ್ಷಾ ಒತ್ತಾಯ ಮಾಡಿದ್ದರಿಂದ ದ್ವಾರಕನಾಥ್ ಹೋದರು. ಸಾಫ್ಟ್‌ವೇರಿನ ಗಂಡಸರು ಸುತ್ತುವರಿದು ಕೇಳಿದರು. "ಅಂಕಲ್, ಎಷ್ಟು ಡಿಸ್ಟೆನ್ಸ್ ಇತ್ತು?" "ಅಂಕಲ್, ಒಂದೇ ಶಾಟಾ? ಸೂಪರ್!" ಒಬ್ಬ ಫೋಟೋ ತೆಗೆಯಲು ಬಂದ. ಅವರು ಒಬ್ಬಟ್ಟಿನ ತಟ್ಟೆ ಹಿಡಿದು ಬಾಲ್ಕನಿಗೆ ಹೋದರು. ಮನೆಯ ಮಗಳು ನಿಶ್ಚಿತಾ, ಎಂಟು ವರ್ಷದವಳು, ಅಲ್ಲಿಗೂ ಬಂದಳು.

"ಅಂಕಲ್, ದಟ್ ಬೇರ್ ಕೆಟ್ಟದಾ?"

"ಇಲ್ಲಮ್ಮ. ಅದು ಹೆದರ್ಕೊಂಡಿತ್ತು."

"ಆಮೇಲೆ ಯಾಕೆ ಶೂಟ್ ಮಾಡಿದ್ರಿ ಲಾ?" ಎಂದಳು, ಆ ಊರಿನ ಮಕ್ಕಳ ಹಾಗೆ ಕೊನೆಗೊಂದು ಲಾ ಸೇರಿಸಿ.

"ಅದರ ಕೆಳಗೆ ನನ್ನ ಫ್ರೆಂಡ್ ಇದ್ದ."

ಹುಡುಗಿ ಯೋಚಿಸಿದಳು. "ಫ್ರೆಂಡ್ ಥ್ಯಾಂಕ್ಯೂ ಅಂದ್ರಾ?"

"ಇಲ್ಲಮ್ಮ. ಏನೂ ಅನ್ಲಿಲ್ಲ."

ರೋಸ್ಲಿ ನಾಲ್ಕು ತಿಂಗಳ ಮೇಲೆ ಕೆಲಸಕ್ಕೆ ಮರಳಿದ. ಕರಡಿಗಳ ಕಡೆ ಹೋಗಲಾರೆ ಎಂದು ಕೇಳಿಕೊಂಡು ಟೇಪಿರ್‌ಗಳ ಪಾಲನೆಗೆ ಸೇರಿದ. ಹಂದಿಗೂ ಆನೆಗೂ ನಡುವಿನ, ಯಾರ ತಂಟೆಗೂ ಹೋಗದ ಪ್ರಾಣಿಗಳು ಅವು. ಆಸ್ಪತ್ರೆಗೆ ದ್ವಾರಕನಾಥ್ ಎರಡು ಸಲ ಹೋಗಿದ್ದರು. ಎರಡು ಸಲವೂ ಅವನು ನಿದ್ದೆಯಲ್ಲಿದ್ದಾನೆ ಎಂದು ಅವನ ಮಗಳು ಬಾಗಿಲಲ್ಲೇ ಹೇಳಿ ಕಳಿಸಿದ್ದಳು. ಈಗ ಇಬ್ಬರೂ ಒಂದೇ ಆವರಣದಲ್ಲಿ, ಒಂದೇ ಗೇಟಿನಲ್ಲಿ ಸಹಿ ಹಾಕಿ, ಎರಡು ವರ್ಷ ಒಂದು ಮಾತೂ ಆಡದೆ ಕೆಲಸ ಮಾಡಿದರು. ತಿಂಗಳ ಅಭ್ಯಾಸಕ್ಕೆ ದ್ವಾರಕನಾಥ್ ತಪ್ಪದೆ ಹೋಗುತ್ತಿದ್ದರು. ಬಿಡುತ್ತೇನೆ ಎಂದು ಒಮ್ಮೆ ಮಿಸೆಸ್ ಟೇಗೆ ಹೇಳಲು ಹೋದವರು, ಹಾಗಾದರೆ ಆ ಕೆಲಸ ಇನ್ನೊಬ್ಬನ ಪಾಲಿಗೆ ಬರುತ್ತದಲ್ಲ ಎಂದು ಯೋಚಿಸಿ, ರಜೆಯ ವಿಷಯ ಮಾತಾಡಿ ಹಿಂದಿರುಗಿದರು.

ಎರಡು ಸಾವಿರದ ಹದಿನಾರರ ಆಗಸ್ಟಿನಲ್ಲಿ ರೋಸ್ಲಿ ಕೆಲಸ ಬಿಟ್ಟ. ಮಲೇಷ್ಯಾದ ಜೊಹೊರ್‌ನಲ್ಲಿರುವ ಮಗಳ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾಗಿತ್ತು. ಕೊನೆಯ ದಿನ ಕೇಕು, ಭಾಷಣ ಎಲ್ಲ ಮುಗಿಯಿತು. ದ್ವಾರಕನಾಥ್ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿ, ಮೇವಿನ ಉಗ್ರಾಣಕ್ಕೆ ಹೋಗಿ ಮೂಟೆಗಳನ್ನು ಎಣಿಸುತ್ತಿದ್ದರು. ಬಾಗಿಲಲ್ಲಿ ನೆರಳು ಬಿತ್ತು.

"ನಾಥ್."

ತಿರುಗಿದರು. ರೋಸ್ಲಿಯ ಹಣೆಯಿಂದ ಕಿವಿಯವರೆಗೆ ಗಾಯದ ಬಿಳಿ ಕಲೆ. ಅಷ್ಟು ಹತ್ತಿರದಿಂದ ಅದನ್ನು ಅವರು ನೋಡಿದ್ದು ಅದೇ ಮೊದಲು.

"ನಿನಗೆ ಥ್ಯಾಂಕ್ಸ್ ಹೇಳಿದರೆ ಅವಳು ಸತ್ತದ್ದು ಸರಿ ಅಂದ ಹಾಗೆ. ಬೈದರೆ ನಾನು ಬದುಕಿದ್ದು ತಪ್ಪು ಅಂದ ಹಾಗೆ. ಎರಡೂ ನನ್ನ ಬಾಯಿಗೆ ಬರಲಿಲ್ಲ. ಅದಕ್ಕೇ ಸುಮ್ಮನಿದ್ದೆ. ನಿನ್ನ ಮೇಲೆ ಸಿಟ್ಟಿತ್ತು ಅಂದುಕೊಂಡಿದ್ದೆಯಾ?"

"ಹೌದು."

"ಸ್ವಲ್ಪ ಇತ್ತು" ಎಂದ ರೋಸ್ಲಿ. ಆಮೇಲೆ ದನಿ ತಗ್ಗಿಸಿ, "ಒಂದು ಕೇಳಬೇಕು. ಅವಳಿಗೆ ಗೊತ್ತಾಯಿತಾ?"

"ಇಲ್ಲ, ಬಾಂಗ್. ಡಾಕ್ಟರ್ ತೆರೆದು ನೋಡುವಾಗ ನಾನು ಅಲ್ಲೇ ನಿಂತಿದ್ದೆ. ಗೊತ್ತಾಗಲಿಲ್ಲ."

ರೋಸ್ಲಿ ತಲೆಯಾಡಿಸಿದ. ನಂತರ ಒಳಗೆ ಬಂದು, ಎರಡೂ ಕೈಗಳಿಂದ ದ್ವಾರಕನಾಥರ ಬಲಗೈ ಹಿಡಿದು, ಆ ಕೈಯನ್ನು ತನ್ನ ಎದೆಗೆ ಒಮ್ಮೆ ಮುಟ್ಟಿಸಿಕೊಂಡು ಬಿಟ್ಟ. ಹೊರಗೆ ಮಗಳು ಕಾರಿನ ಹಾರನ್ ಒತ್ತಿದಳು. ಅವನು ಹೋದ. ಫೋನ್ ನಂಬರ್ ಕೊಡಲೂ ಇಲ್ಲ, ಇವರು ಕೇಳಲೂ ಇಲ್ಲ.

ಟೇಪಿರ್‌ಗಳಿಗೆ ಹೊಸ ಪಾಲಕ ಬರುವವನಿದ್ದದ್ದು ಸೋಮವಾರ. ಅವತ್ತು ಶನಿವಾರ. ಸಂಜೆಯ ಮೇವು ಹಾಕುವವರು ಯಾರೆಂದು ಯಾರೂ ಯೋಚಿಸಿರಲಿಲ್ಲ. ದ್ವಾರಕನಾಥ್ ಎಣಿಕೆಯನ್ನು ಅರ್ಧಕ್ಕೆ ಬಿಟ್ಟು, ಒಂದು ಬುಟ್ಟಿ ಸೊಪ್ಪು ಹೊತ್ತುಕೊಂಡು ಆ ಕಡೆ ನಡೆದರು. ಟೇಪಿರ್‌ಗಳು ಹೆಜ್ಜೆಯ ಸದ್ದಿಗೆ ಮೂತಿ ಎತ್ತಿ ಬೇಲಿಯ ಬಳಿ ಬಂದವು. ಬಂದವನು ಬೇರೆಯವನೆಂದು ಗೊತ್ತಾಗಿ ಎರಡು ಹೆಜ್ಜೆ ಹಿಂದೆ ಸರಿದು ನಿಂತವು. ಅವರು ಸೊಪ್ಪನ್ನು ತೊಟ್ಟಿಗೆ ಹಾಕಿ, ನೀರು ಬದಲಾಯಿಸಿ, ಅವು ತಿನ್ನಲು ಬರಲಿ ಎಂದು ದೂರ ಹೋಗಿ ಒಂದು ಕಲ್ಲಿನ ಮೇಲೆ ಕೂತರು. ಕತ್ತಲಾಗುವ ಮುಂಚೆ ಒಂದು ಬಂತು.